ಬಾಲ ಊರಿ ಕೂತ ಜೆಟ್ಟು

ಕಂಡಕ್ಟರು ಮೂವತ್ತೆರಡು ವರ್ಷ ಬಸ್ಸಿನಲ್ಲಿ ನಿಂತು ನಿವೃತ್ತರಾದವರು. ವಿಮಾನವನ್ನು ಕತ್ತೆತ್ತಿ ನೋಡಿದ್ದುಂಟು, ಹತ್ತಿದ್ದಿಲ್ಲ. ಅಂಥವರ ಮನೆಯ ಊಟದ ಮೇಜು ಈಗ ವಾಯುಸೇನೆಯ ಕಾರ್ಖಾನೆಯಾಗಿತ್ತು. ಜೆಟ್ ಎಂಜಿನ್ನು ಹೊಸದಾಗಿ ಬಂದ ಕಾಲದ ಯುದ್ಧವಿಮಾನಗಳು, ಒಂದೊಂದೂ ಅಂಗೈಯಗಲ. ಪ್ಲಾಸ್ಟಿಕ್ ಚೂರುಗಳು ಡಬ್ಬಿಯಲ್ಲಿ ಬರುತ್ತವೆ. ಅವನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿಯುವುದು ಕಂಡಕ್ಟರರ ಕೆಲಸ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದು ಹೆಂಡತಿಯ ಕೆಲಸ.

ಆಕೆ ಆರು ತಿಂಗಳು ಸಹಿಸಿಕೊಂಡು, ಕೊನೆಗೆ ತೀರ್ಪು ಕೊಟ್ಟಳು. ಭಾನುವಾರ ಲೈಬ್ರರಿಯಲ್ಲಿ ನಡೆಯುವ ಮಾದರಿ ವಿಮಾನಗಳ ಪ್ರದರ್ಶನದಲ್ಲಿ ಬಹುಮಾನ ಬಂದರೆ ಮೇಜು ವಿಮಾನಕ್ಕೆ, ಬರದಿದ್ದರೆ ಊಟಕ್ಕೆ. (ಕಂಡಕ್ಟರು ಮನಸ್ಸಿನೊಳಗೆ ಆಕೆಗಿಟ್ಟ ಹೆಸರು ಚೆಕಿಂಗ್ ಇನ್ಸ್‌ಪೆಕ್ಟರ್.)

ಬುಧವಾರ ವಿಮಾನದ ಎರಡು ಹೋಳನ್ನು ಟೇಪು ಸುತ್ತಿ ನಿಲ್ಲಿಸಿದರೆ, ಅದು ಬಾಲ ಊರಿ ಕೂತುಬಿಟ್ಟಿತು. ಮುಂದಿನ ಚಕ್ರ ಗಾಳಿಯಲ್ಲಿ, ಬಿಸ್ಕತ್ತು ಬೇಡುವ ನಾಯಿಯ ಹಾಗೆ. ಮೂರು ಚಕ್ರದ ಮೇಲೆ ನಿಲ್ಲದ ವಿಮಾನವನ್ನು ಪ್ರದರ್ಶನದವರು ಬಾಗಿಲಿಂದಲೇ ವಾಪಸು ಕಳಿಸುತ್ತಾರೆ.

ಹೆಂಡತಿ ಹಿಂದೆ ಬಂದು ನಿಂತು ನೋಡಿದಳು. "ಎಲ್ಲಾ ಹಿಂದುಗಡೆನೇ ತುಂಬ್ಕೊಂಡಿದ್ದಾರೆ. ಮುಂದೆ ಹೋಗಿ, ಮುಂದೆ ಹೋಗಿ ಅನ್ನೋರು ಯಾರೂ ಇಲ್ವಾ?"

ಮೂವತ್ತೆರಡು ವರ್ಷ ಗಂಟಲು ಹರಿದುಕೊಂಡ ಮಾತು ತನಗೇ ಹೊಳೆಯಲಿಲ್ಲವಲ್ಲ ಎಂದು ಕಂಡಕ್ಟರರಿಗೆ ಉರಿಯಿತು. "ಎಲ್ಲದಕ್ಕೂ ಮೂಗು ತೂರಿಸ್ಬೇಡ ಕಣೇ."

"ನನ್ನ ಮೂಗು ಬಿಡಿ, ಅದರ ಮೂಗಿಗೆ ಏನಾದ್ರೂ ತುರುಕಿ. ನಿಮ್ಮ ಮೂಗಿನ ತುದೀಲಿರೋ ಸಿಟ್ಟನ್ನೇ ತುಂಬಿದ್ರೂ ಸಾಕು ರೀ, ಒಳ್ಳೇ ಭಾರ ಇದೆ."

ಮುಂದಿನದು ಕೇಳಬಾರದೆಂದು ಕಂಡಕ್ಟರು ಕಿವಿಯ ಮೆಷಿನ್ನನ್ನು ಕಿತ್ತು ತಿರುಪುಗಳ ಬಟ್ಟಲಿಗೆ ಹಾಕಿದರು. (ಬಸ್ಸಿನ ಎಂಜಿನ್ನಿನ ಗದ್ದಲಕ್ಕೆ ಅವರ ಕಿವಿಗಳು ಅವರಿಗಿಂತ ಮೊದಲೇ ನಿವೃತ್ತಿ ಪಡೆದಿದ್ದವು.) ಆ ನಿಶ್ಶಬ್ದದಲ್ಲಿ ಕೈ ಸರಾಗವಾಗಿ ಓಡಿತು. ವಿಮಾನದ ಮೂತಿಯೊಳಗೆ ಎರಡು ತಿರುಪು, ಒಂದು ನಟ್ಟು ಹೋದವು. ಇನ್ನೂ ಎಳ್ಳಷ್ಟು ಭಾರ ಸಾಲದು. ಬಟ್ಟಲಿಗೆ ಕೈ ಹಾಕಿ ಕಡಲೆಬೀಜದಷ್ಟಿದ್ದ ಮತ್ತೊಂದನ್ನು ತುರುಕಿದರು. ವಿಮಾನ ವಿನಯದಿಂದ ತಲೆ ತಗ್ಗಿಸಿ ಮೂರು ಚಕ್ರದ ಮೇಲೆ ನಿಂತಿತು. ಸುತ್ತ ಅಂಟು ಬಳಿದು ಮುಚ್ಚಿದರು. (ಕಡೆಯಲ್ಲಿ ಹೋದದ್ದು ಕಿವಿಯ ಮೆಷಿನ್ನೇ. ಕಂಡಕ್ಟರರಿಗೆ ತಿಳಿಯಲಿಲ್ಲ, ಕನ್ನಡಕ ಹಣೆಯ ಮೇಲಿತ್ತು.)

ಆಮೇಲೆ ಮೆಷಿನ್ನಿಗಾಗಿ ಹುಡುಕದ ಜಾಗವಿಲ್ಲ. ಕಳೆಯಿತೆಂದರೆ ಹೆಂಡತಿ ಬಿಟ್ಟಾಳೆಯೇ? ಆಕೆ ಏನೆಂದರೂ ನಗುತ್ತ ತಲೆಯಾಡಿಸಿದರು. ಮೂರು ದಿನ ಜಗಳವೇ ಇಲ್ಲದೆ ಆಕೆ ಗಾಬರಿಯಾಗಿ ಗಂಡನ ಹಣೆ ಮುಟ್ಟಿ ನೋಡಿದಳು. ಮನೆಯಲ್ಲಿ ಸಣ್ಣಗೆ ಏನೋ ಕುಂಯ್‌ಗುಡುತ್ತಿದೆ, ಸೊಳ್ಳೆಯೇ ಇರಬೇಕೆಂದು ಕಿಟಕಿಗೆಲ್ಲ ಜಾಲರಿ ಕಟ್ಟಿದಳು.

ಭಾನುವಾರ ತೀರ್ಪುಗಾರರು ಬಗ್ಗಿ, ವಿಮಾನದ ಮೂತಿಗೆ ಅಂಗೈ ಒಡ್ಡಿದರು. ಅದು ಕುಂಯ್ಯೆಂದಿತು. ಕೈ ಹತ್ತಿರ ಒಯ್ದಷ್ಟೂ ಜೋರು. ಅವರು ವಿಮಾನದ ಮೆಕ್ಯಾನಿಕ್ಕಾಗಿ ಆಯುಸ್ಸು ಸವೆಸಿದವರು. ಎಂಜಿನ್ನು ಶುರುವಾಗುವಾಗಿನ ಸದ್ದು ಹೀಗೇ ಇರುತ್ತಿತ್ತೆಂದು ಕಣ್ಣು ಒರೆಸಿಕೊಂಡರು. ಇದನ್ನು ಹೇಗೆ ಕೂರಿಸಿದಿರಿ ಎಂದು ಕೇಳಿದರು. ಕಂಡಕ್ಟರು ಅವರ ತುಟಿ ಅಲುಗಿದ್ದು ನೋಡಿ ತಲೆಯಾಡಿಸಿದರು. ಗುಟ್ಟು ಬಿಡದ ಕಲಾವಿದ ಎಂದು ಎಲ್ಲರೂ ಮೆಚ್ಚಿ ಮೊದಲ ಬಹುಮಾನ ಕೊಟ್ಟರು.

ಹೆಂಡತಿಗೆ ಮಾತ್ರ ಆ ಸದ್ದಿನ ಗುರುತು ಹತ್ತಿತು. ಗಂಡ ದಿಂಬಿಗೆ ಕಿವಿ ಒತ್ತಿ ಮಲಗಿದಾಗೆಲ್ಲ ಮೆಷಿನ್ನಿನಿಂದ ಕೇಳುತ್ತಿದ್ದ ಸದ್ದು. ಮೂರು ದಿನದ ಮುಗುಳ್ನಗೆಯ ಅರ್ಥವೂ ಆಯಿತು. ಆಕೆ ನಿಧಾನವಾಗಿ ವೇದಿಕೆ ಹತ್ತಿ ಮೈಕಿನ ಮುಂದೆ ನಿಂತಳು.

"ಇವತ್ತಿಂದ ಮೇಜು ಊಟಕ್ಕೇ ರೀ. ಅಂಟು, ಬಣ್ಣ, ವಿಮಾನ ಎಲ್ಲಾ ಅಟ್ಟಕ್ಕೆ. ಒಪ್ಪಿಗೆ ತಾನೇ?"

ಹೆಂಡತಿ ನಾಲ್ಕು ಜನರೆದುರು ತಮ್ಮನ್ನು ಹೊಗಳುತ್ತಿದ್ದಾಳೆಂದು ಕಂಡಕ್ಟರರ ಎದೆಯುಬ್ಬಿತು. ತಾವೂ ಮೈಕಿಗೆ ಬಾಗಿದರು.

"ಇವಳು ಹೇಳಿದ್ಮೇಲೆ ಮುಗೀತು. ಅದರಲ್ಲಿ ಒಂದಕ್ಷರ ತೆಗೆಯೋ ಹಾಗಿಲ್ಲ."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ಅದರಲ್ಲೂ ಹೆಂಗಸರು. ಇಷ್ಟು ಚಿಕ್ಕ ಭಾಷಣಕ್ಕೆ ಇಷ್ಟೊಂದು ಮರ್ಯಾದೆಯೇ ಎಂದು ಕಂಡಕ್ಟರು ಇನ್ನೊಮ್ಮೆ ಕೈಮುಗಿದರು.