ಇಪ್ಪತ್ತು ಸೆಕೆಂಡಿನ ಅಪ್ಪುಗೆ

ಒಂದೇ ವಾರದಲ್ಲಿ ಗಂಡನ ಮೆದುಳನ್ನು ರಿಪೇರಿ ಮಾಡಿ ತೋರಿಸುತ್ತೇನೆಂದು ಅವಳು ಕನ್ನಡಿಯ ಮುಂದೆ ನಿಂತು ಶಪಥ ಮಾಡಿದಳು. ಊರಿನವರ ಬೀಗಗಳನ್ನೆಲ್ಲ ರಿಪೇರಿ ಮಾಡುವವನು ಗಂಡ. ಗಂಡನನ್ನು ರಿಪೇರಿ ಮಾಡುವವರು ಯಾರು?

ಎಲ್ಲ ಶುರುವಾದದ್ದು ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುವಾಗ ಓದಿದ ಒಂದು ಲೇಖನದಿಂದ. ಪ್ರೇಮದ ಹೊಸತರಲ್ಲಿ ಮೆದುಳಿನಲ್ಲಿ ಡೋಪಮಿನ್ ಉಕ್ಕುತ್ತದಂತೆ, ಒಂದೆರಡು ವರ್ಷದಲ್ಲಿ ಅದರ ಭರಾಟೆ ಇಳಿಯುತ್ತದಂತೆ. ಆಮೇಲೆ ಗಂಡ-ಹೆಂಡತಿಯನ್ನು ಒಟ್ಟಿಗೆ ಹಿಡಿದಿಡುವುದು ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನಂತೆ. ಅವಳು ಬೆರಳು ಮಡಚಿದಳು. ಮದುವೆಯಾಗಿ ಮೂರು ವರ್ಷ! ಮಗು ಹುಟ್ಟಿದ ಈ ಹನ್ನೊಂದು ತಿಂಗಳಲ್ಲಿ ಗಂಡ ಅವಳೊಂದಿಗೆ ಆಡಿದ್ದು ಎರಡೇ ಮಾತು: ಡೈಪರ್ ಎಲ್ಲಿದೆ? ಮಗು ಮಲಗ್ತಾ? ಅವನ ಡೋಪಮಿನ್ ತಳ ಕಂಡಿದೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು! ನನ್ನ ಮೇಲೆ ಪ್ರೀತಿ ಉಳಿದಿದೆಯೇ ಎಂದು ನೇರವಾಗಿ ಕೇಳೋಣವೆಂದರೆ, ಇಲ್ಲ ಎಂದುಬಿಟ್ಟರೆ? ಪುಣ್ಯಕ್ಕೆ ಲೇಖನದ ಕೊನೆಯಲ್ಲಿ ಮದ್ದೂ ಇತ್ತು. ದಿನಕ್ಕೊಮ್ಮೆ ಇಪ್ಪತ್ತು ಸೆಕೆಂಡು ಬಿಗಿಯಾಗಿ ಅಪ್ಪಿಕೊಳ್ಳಿ.

ಮನೆಯೊಳಗೆ ಅದು ಆಗದ ಕೆಲಸ. ಇಬ್ಬರೂ ಒಂದಡಿ ಹತ್ತಿರ ಬಂದರೆ ಸಾಕು, ಮಗಳು ಅಂಬೆಗಾಲಿಕ್ಕಿ ಬಂದು ಮಧ್ಯೆ ತೂರಿ ರಾಗ ತೆಗೆಯುತ್ತಾಳೆ. ಹಾಗಾಗಿ ಭಾನುವಾರ ಬೆಳಿಗ್ಗೆ, ಮಗು ಅತ್ತೆಯ ತೊಡೆಯ ಮೇಲಿದ್ದ ಹೊತ್ತು ನೋಡಿ, ಅಡುಗೆಮನೆಯ ಟೈಮರ್ ಹಿಡಿದು ಗಂಡನನ್ನು ಬಾಲ್ಕನಿಗೆ ಎಳೆದೊಯ್ದಳು.

"ಅಲ್ಲಾಡ್ಬೇಡಿ. ಇಪ್ಪತ್ತು ಸೆಕೆಂಡು."

"ಎಕ್ಸ್‌ರೇನಾ?" ಎಂದ ಗಂಡ. ಆದರೂ ಮಿಸುಕದೆ ನಿಂತ.

ಹನ್ನೆರಡನೇ ಸೆಕೆಂಡಿಗೆ ಅತ್ತೆ ಗಾಜಿನ ಬಾಗಿಲ ಬಳಿ ಬಂದರು, ಕಂಡರು, ನಾಚಿ ಪರದೆ ಎಳೆದರು. ಮಗು ಹೋಗಿ ತೊಂದರೆ ಕೊಡದಿರಲೆಂದು ಒಳಗಿನಿಂದ ಚಿಲಕವನ್ನೂ ಹಾಕಿದರು! ಆ ಮಹಾತಾಯಿಯ ಔದಾರ್ಯ ಅಷ್ಟಕ್ಕೇ ನಿಲ್ಲಲಿಲ್ಲ. ಮೊಮ್ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಪಾರ್ಕಿಗೇ ಹೊರಟುಬಿಟ್ಟರು.

ಟೈಮರ್ ಕಿರುಚಿದಾಗ ಗಂಡ ಹೆಂಡತಿ ಹೊರಗೆ, ಮೊಬೈಲುಗಳು ಒಳಗೆ. ಊರಿನ ಬೀಗವನ್ನೆಲ್ಲ ತೆಗೆಯುವವನ ಸಾಮಾನಿನ ಚೀಲವೂ ಒಳಗೆ. ಸ್ವಲ್ಪ ಹೊತ್ತಿಗೆ ಕೆಳಗೆ ತಳ್ಳುಗಾಡಿ ಕಂಡದ್ದೇ ಅವಳು ಮೂರನೇ ಮಹಡಿಯಿಂದ ಬಗ್ಗಿ, "ಅತ್ತೇ" ಎಂದು ಗಂಟಲು ಹರಿಯುವಂತೆ ಕೂಗಿದಳು. ಕೆಳಗೆ ಅತ್ತೆ ತಲೆಯೆತ್ತಿ ಕೈಬೀಸಿ, "ಅವಸರ ಇಲ್ಲ ಕಣಮ್ಮ" ಎಂದು ಗಾಡಿಯನ್ನು ಇನ್ನಷ್ಟು ಬೇಗ ತಳ್ಳಿದರು.

ಮಗುವಿಗೆ ಟೋಪಿ ಹಾಕಿದ್ದಾರೋ ಇಲ್ಲವೋ, ನೀರಿನ ಬಾಟಲಿ ಒಯ್ದರೋ ಇಲ್ಲವೋ, ಪಾರ್ಕಿನ ನಾಯಿ ಎಂಥದೋ ಎಂದು ಅವಳು ಆ ಮೂರಡಿ ಜಾಗದಲ್ಲೇ ಶತಪಥ ತಿರುಗಿದಳು. ಗಂಡ ಬಾಗಿಲನ್ನು ಮೇಲಿಂದ ಕೆಳಗೆ ಪರೀಕ್ಷಿಸಿ, "ಕಷ್ಟ ಇದೆ" ಎಂದು ಗೋಡೆಗೊರಗಿ ಕುಳಿತ. ವಿಧಿಯಿಲ್ಲದೆ ಅವಳೂ ಕುಳಿತಳು. ಬಚ್ಚಲಲ್ಲಿ ಸಿಕ್ಕಿಕೊಂಡ ಗಿರಾಕಿಯೊಬ್ಬರು, ಬಾಗಿಲು ತೆಗೆದ ಮೇಲೂ, ಇರಪ್ಪ, ತಲೆ ತೊಳೆದುಕೊಂಡೇ ಬರುತ್ತೇನೆ ಅಂದ ಕಥೆಯನ್ನು ಅವನು ಹೇಳಿದ. ಅವಳು ನಕ್ಕಳು. ಹಾಗೆ ನಕ್ಕು ಎಷ್ಟು ದಿನವಾಗಿತ್ತೋ, ನಗು ಅಳುವಾಗಿ ತಿರುಗಿ ಲೇಖನ, ಡೋಪಮಿನ್, ಭಯ ಎಲ್ಲವೂ ಹೊರಗೆ ಬಿತ್ತು. ಅವನು ತನ್ನ ಅಂಗಿಯ ತುದಿಯಿಂದ ಅವಳ ಮೂಗು ಒರೆಸಿದ. ಅವಳು ಅವನ ಭುಜಕ್ಕೆ ತಲೆಯಾನಿಸಿದಳು.

ಗಂಟೆಯ ಮೇಲೆ ಅತ್ತೆ ಬಂದು, ನೆಲ ನೋಡುತ್ತಲೇ ಚಿಲಕ ತೆಗೆದರು. "ಬೇಗ ಬಂದ್ಬಿಟ್ನಾ?" ಟೋಪಿ ಹಾಕಿಕೊಂಡೇ ಮಗು ಗಾಡಿಯಲ್ಲಿ ಸೊಗಸಾಗಿ ನಿದ್ದೆ ಹೊಡೆಯುತ್ತಿತ್ತು. ಗಂಡ ಮೇಲೇಳುವಾಗ ಅವನ ಜೇಬಿನಿಂದ ಠಣ್ಣೆಂದು ಒಂದು ಪುಟ್ಟ ಸ್ಕ್ರೂಡ್ರೈವರ್ ಬಿತ್ತು.

"ರೀ, ಇದು ನಿಮ್ಮ ಹತ್ರಾನೇ ಇತ್ತಾ?"

"ಇತ್ತು."

"ಇದ್ರಲ್ಲಿ ಬಾಗಿಲು ತೆಗೆಯೋಕೆ ಆಗ್ತಿರ್ಲಿಲ್ವಾ?"

"ಎರಡು ನಿಮಿಷದ ಕೆಲಸ." ಅವನು ಕತ್ತು ಕೆರೆದುಕೊಂಡ. "ಮಗು ಹುಟ್ಟಿದ್ಮೇಲೆ ನೀನು ಎದ್ದು ಓಡದೆ ನನ್ನ ಪಕ್ಕ ಕೂತಿದ್ದು ಇವತ್ತೇ. ತೆಗೆಯೋಕೆ ಮನಸ್ಸು ಬರ್ಲಿಲ್ಲ."

ಮುಂದಿನ ಭಾನುವಾರ ಟೈಮರ್ ಅಡುಗೆಮನೆಯಲ್ಲೇ ಉಳಿಯಿತು. ಬಾಲ್ಕನಿಗೆ ಕಾಲಿಡುವ ಮೊದಲು ಅವಳು ಗಂಡನ ಜೇಬು ತಡವಿ, ಸ್ಕ್ರೂಡ್ರೈವರನ್ನು ಫ್ರಿಜ್ಜಿನ ಮೇಲಿಟ್ಟು, ಈ ಸಲ ತಾನೇ ನೆಲ ನೋಡುತ್ತಾ ಹೇಳಿದಳು:

"ಅತ್ತೆ, ಸ್ವಲ್ಪ ಚಿಲಕ ಹಾಕ್ಬಿಡಿ."