ದುಬೈಯಲ್ಲಿರುವ ಅಳಿಯ

ಸುಳ್ಳು ಹೇಳುವುದು ಕಷ್ಟವಲ್ಲ, ಅದನ್ನು ಸಾಕುವುದು ಕಷ್ಟ. ಮನೆಯ ಎಮ್ಮೆಯ ಹಾಗೆ ಅದು ಹೊತ್ತು ಹೊತ್ತಿಗೆ ಮೇವು ಕೇಳುತ್ತದೆ. ನಾನು ಎರಡು ವರ್ಷ ಅಂಥದ್ದೊಂದನ್ನು ಸಾಕಿದೆ. ನನ್ನ ಮಗಳು ಪಲ್ಲವಿ ಗಂಡನಿಂದ ಬೇರೆಯಾದ ವಾರವೇ, ಲಂಡನ್ನಿನ ನಮ್ಮ ಕ್ರೋಯ್ಡನ್ ಟ್ರ್ಯಾಮಿನಲ್ಲಿ ಎದುರು ಸೀಟಿಗೆ ಬಂದು ಕೂತ, ಇಲ್ಲಿಯ ನಮ್ಮ ಕನ್ನಡ ಬಳಗದ ಶಾಂತಕ್ಕ "ಅಳಿಯಂದ್ರು ಹ್ಯಾಂಗದಾರ?" ಎಂದು ಕೇಳಿದರು. ನಮ್ಮ ಧಾರವಾಡದ ಕಡೆಯವರಿಗೆ ಇದು ಪ್ರಶ್ನೆಯೇ ಅಲ್ಲ, ಒಂದು ಬಗೆಯ ನಮಸ್ಕಾರ. "ದುಬೈಕ ಹೋಗ್ಯಾರ್ರಿ, ಪ್ರಾಜೆಕ್ಟ್ ಮ್ಯಾಲೆ" ಎಂದುಬಿಟ್ಟೆ. ನಾನು ಇಳಿಯುವ ಸ್ಟಾಪಿಗೆ ಇನ್ನೆರಡು ನಿಮಿಷವಿತ್ತು, ಅಲ್ಲಿಯವರೆಗೆ ಸಾಕಾದೀತು ಎಂದು ಹೇಳಿದ ಮಾತು ಅದು. ಆಮೇಲೆ ಆ ಮನುಷ್ಯನಿಗೆ ನಾನೇ ಪ್ರಮೋಷನ್ ಕೊಡಿಸಿದೆ. ಒಮ್ಮೆ ಜ್ವರವನ್ನೂ ಬರಿಸಿದೆ. ಆ ಜ್ವರಕ್ಕೆ ಶಾಂತಕ್ಕ ಹೇಳಿದ ಶುಂಠಿ ಕಷಾಯದ ವಿಧಾನವನ್ನು ಶ್ರದ್ಧೆಯಿಂದ ಬರೆದುಕೊಂಡೆ. ಅವನು ನಿಜವಾಗಿ ಅಳಿಯನಾಗಿದ್ದಾಗ ಅವನ ಆರೋಗ್ಯದ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡದ್ದು ನನಗೆ ನೆನಪಿಲ್ಲ.

ನಮ್ಮ ಯಜಮಾನರು "ನನ್ನ ಮಾತ್ರ ಸಾಕ್ಷಿಗೆ ಕರೀಬ್ಯಾಡ" ಎಂದು ಮೊದಲೇ ಕೈ ತೊಳೆದುಕೊಂಡಿದ್ದರು. ಎಲ್ಲಕ್ಕಿಂತ ತೊಂದರೆ ಕೊಟ್ಟದ್ದು ಯುಗಾದಿ. ನಮ್ಮವರೆಲ್ಲ ಹಾಲ್ ಬಾಡಿಗೆ ಹಿಡಿದು, ಮನೆಗೊಂದು ಪಾತ್ರೆ ಅಡಿಗೆ ತಂದು, ಮಧ್ಯಾಹ್ನದವರೆಗೆ ಗದ್ದಲ ಮಾಡುವ ಹಬ್ಬ. ಪಲ್ಲವಿ ಒಬ್ಬಳೇ ಬಂದರೆ ನನ್ನ ದುಬೈ ಅಲ್ಲೇ ಕುಸಿದು ಬೀಳುತ್ತಿತ್ತು. ಅದಕ್ಕೆ ಲಂಡನ್ನಿನ ಇನ್ನೊಂದು ತುದಿಯ ಕೊಲಿಂಡೇಲಿನಲ್ಲಿರುವ ಅವಳಿಗೆ ಫೋನ್ ಮಾಡಿ, "ಈ ಸಲ ಭಾಳ ಮಂದಿ ಆಗ್ತಾರವ್ವಾ, ನೀ ಮುಂದಿನ ವಾರ ಮನೀಗೇ ಬಾ" ಎಂದೆ. ಮರುವರ್ಷವೂ ಅದನ್ನೇ ಹೇಳಿದೆ. ಎರಡು ಸಲವೂ ಅವಳು "ಓಕೆ" ಎಂದಳು. ಯಾಕೆ ಎಂದು ಕೇಳಲಿಲ್ಲ. ನಾನು ಅದನ್ನು ನನ್ನ ಜಾಣತನವೆಂದುಕೊಂಡೆ.

ಪಲ್ಲವಿ ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬೇರೆಯಾದ ಮೇಲೆ ಆ ಉತ್ತರಗಳೂ ಗಿಡ್ಡವಾಗಿದ್ದವು. ಅಂಥವಳು ಈ ಸಲ, ತಾನು ಜೋರ್ಡಾನಿನ ಮರುಭೂಮಿಯಲ್ಲಿ ಹತ್ತು ದಿನ ನಡೆಯಲು ಹೋಗುತ್ತಿರುವುದಾಗಿಯೂ, ಕೊನೆಯ ದಿನ ನಾನೂ ಬಂದು ಜೊತೆಗೆ ನಡೆಯಬಹುದೆಂದೂ ಹೇಳಿದಳು. ಎಷ್ಟು ದೂರ ಎಂದು ಕೇಳುವ ಮೊದಲೇ ನಾನು ಹೂಂ ಎಂದಿದ್ದೆ. ಹದಿನೆಂಟು ಕಿಲೋಮೀಟರ್! ಓಣಿಯ ಜಿಪಿ ಡಾಕ್ಟರ ಬಳಿ ಹೋಗಲಿಕ್ಕೂ ಬಸ್ಸು ಹತ್ತುವವಳು ನಾನು. ಒಂದು ತಿಂಗಳು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿಳಿದು ಅಭ್ಯಾಸ ಮಾಡಿದೆ. ಪಕ್ಕದ ಫ್ಲ್ಯಾಟಿನ ಹೆಂಗಸು ಲಿಫ್ಟು ಕೆಟ್ಟಿದೆಯೇ ಎಂದು ಮೂರು ಸಲ ಕೇಳಿದಳು. ಶಾಂತಕ್ಕನಿಗೆ "ಮೂರೂ ಮಂದಿ ಹೊಂಟೀವ್ರಿ" ಎಂದೆ. ಜೋರ್ಡಾನಿನ ತನಕ ಹೋಗಿ ದುಬೈಯ ಅಳಿಯನನ್ನು ಕರೆಯದಿದ್ದರೆ ಚೆನ್ನಾಗಿರುತ್ತದೆಯೇ?

ಆ ಕೊನೆಯ ದಿನ ಬೆಳಿಗ್ಗೆ ಕಣಿವೆಯೊಳಗೆ ಹೊಕ್ಕೆವು. ಎರಡೂ ಕಡೆ ಕೆಂಪು ಬಂಡೆಯ ಗೋಡೆ, ಮೇಲೆ ಒಂದು ಗೇಣು ಆಕಾಶ, ಕೆಳಗೆ ಇಟ್ಟ ಹೆಜ್ಜೆಯನ್ನು ಅರ್ಧ ನುಂಗುವ ಮರಳು. ಮುಂದೆ ದಾರಿ ತೋರಿಸುವ ಸಾಲೇಂ, ನಡುವೆ ಪಲ್ಲವಿ, ಹಿಂದೆ ನಾನು. ಮಧ್ಯಾಹ್ನಕ್ಕೆಂದು ಕ್ರೋಯ್ಡನ್ನಿನಿಂದ ಹೊತ್ತು ತಂದಿದ್ದ ಖಡಕ್ ರೊಟ್ಟಿಗಳು ಹೆಜ್ಜೆಗೊಮ್ಮೆ ಚೀಲದೊಳಗೆ ಲಟಲಟ ಮುರಿಯುತ್ತಿದ್ದವು. ಪಲ್ಲವಿ ಹಿಂದಿರುಗಿ ಬಂದು ನನ್ನ ನೀರಿನ ಬಾಟಲಿಗಳನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಹಿಂದಿನಿಂದ ನೋಡಿದರೆ ಬಹಳ ಸೊರಗಿದ್ದಳು. ಕತ್ತು ಬಿಸಿಲಿಗೆ ಕಪ್ಪಾಗಿತ್ತು. ಸರಿಯಾಗಿ ಉಣ್ಣುತ್ತೀಯಾ, ನಿದ್ದೆ ಬರುತ್ತದೆಯೇ, ಅಳು ಬಂದಾಗ ಯಾರಿಗೆ ಫೋನ್ ಮಾಡುತ್ತೀ ಎಂದೆಲ್ಲ ಕೇಳಬೇಕೆನಿಸಿತು. "ಸನ್‌ಕ್ರೀಮ್ ಹಚ್ಕೊಂಡೀಯಿಲ್ಲೋ?" ಎಂದು ಕೇಳಿದೆ.

ಕಣಿವೆ ಮುಗಿದ ಮೇಲೆ ಬೆಟ್ಟ. ಅದನ್ನು ನಾನು ಏರಿದೆ ಎನ್ನುವುದಕ್ಕಿಂತ ನಾಲ್ಕು ಕಾಲಿನಲ್ಲಿ ತೆವಳಿದೆ ಎಂದರೆ ಸರಿ. ತುದಿಯಲ್ಲಿ ಸಾಲೇಂ ಒಣ ಕಡ್ಡಿ ಹೊತ್ತಿಸಿ ಚಹಾಕ್ಕೆ ಇಟ್ಟ. ನಾನು ರೊಟ್ಟಿಯ ಪುಡಿಗೆ ಶೇಂಗಾ ಚಟ್ನಿ, ಮೊಸರು ಹಾಕಿ ಕಲಸುತ್ತ ಕೂತೆ. ಪಲ್ಲವಿ ನನ್ನ ಫೋನಿನಲ್ಲೇ ನನ್ನ ಫೋಟೋ ತೆಗೆಯುತ್ತಿದ್ದಳು. ದಿನವಿಡೀ ಇಲ್ಲದ ಸಿಗ್ನಲ್ ಅಲ್ಲಿ ಸಿಕ್ಕಿ, ಫೋನು ಟಿಣ್ ಎಂದಿತು. ಶಾಂತಕ್ಕನ ವಾಯ್ಸ್ ಮೆಸೇಜ್. ನನ್ನ ಕೈಯೆಲ್ಲ ಮೊಸರು. ಬೆಟ್ಟ ಹತ್ತಿದ ಹೆಮ್ಮೆಯಲ್ಲಿ ಬುದ್ಧಿ ಕೆಳಗೇ ಉಳಿದಿತ್ತೋ ಏನೋ, "ಹಚ್ಚು, ಏನಂತಾರ ಕೇಳೂಣು" ಎಂದೆ.

"ಸುಮಿತ್ರಾ, ಆರಾಮ ಮುಟ್ಟಿದ್ರೇನು? ಅಳಿಯಂದ್ರು ದುಬೈದಿಂದ ನೆಟ್ಟಗ ಅಲ್ಲೇ ಬಂದ್ರೇನು? ಗಂಡಾ ಹೆಂಡ್ತಿ ಕೂಡಿ ಅಡ್ಡಾಡ್ಲಿ, ನೀ ನಡುವ ಹೋಗಬ್ಯಾಡ. ಮೂರೂ ಮಂದೀದು ಒಂದು ಫೋಟೋ ಹಾಕು."

ಪಲ್ಲವಿ ಫೋನನ್ನು ಬಂಡೆಯ ಮೇಲೆ ಮೆಲ್ಲಗೆ ಇಟ್ಟಳು. ಒಂದು ಮಾತೂ ಅರ್ಥವಾಗದ ಸಾಲೇಂ ಮಾತ್ರ ಎಲ್ಲ ಅರ್ಥವಾದವನಂತೆ ಕೆಟಲ್ ಎತ್ತಿಕೊಂಡು ಆಚೆ ಹೋದ. ಅವಳು ಬೈಯಲಿ ಎಂದು ಕಾದೆ. ಯುಗಾದಿಗೆ ಬರಬೇಡ ಎಂದದ್ದು ಇದಕ್ಕೇನಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೂಂ ಎಂದೆ. ಆಮೇಲೆ, ಎಷ್ಟೋ ವರ್ಷಗಳಿಂದ ನನ್ನ ಜೊತೆ ಆಡದ ಭಾಷೆಯಲ್ಲಿ, "ನಾ ಸತ್ತಿಲ್ಲವ್ವಾ. ಬರೇ ಬ್ಯಾರೆ ಆಗೇನಿ" ಎಂದಳು.

ಕಲಸಿದ್ದನ್ನು ಸಾಲೇಂ ಒಬ್ಬನೇ ತಿಂದ, ಹೊಗಳಿಯೂ ಹೊಗಳಿದ. ಇಳಿಯುವಾಗ ಪಲ್ಲವಿ ಕಡಿದಾದ ಜಾಗ ಬಂದಾಗಲೆಲ್ಲ ನಿಂತು, ಮುಖ ಆಚೆ ತಿರುಗಿಸಿಯೇ ನನ್ನತ್ತ ಕೈ ಚಾಚುತ್ತಿದ್ದಳು. ನಾನು ಆ ಕೈ ಹಿಡಿದುಕೊಂಡು ಇಳಿದೆ. ಮಂಡಿ ನೋಯುತ್ತಿದೆ ಎಂದುಕೊಂಡು ಅತ್ತೆ. ಮಂಡಿಯೂ ನೋಯುತ್ತಿತ್ತೆನ್ನಿ.

ಕೆಳಗೆ ಹಳ್ಳಿ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಪಲ್ಲವಿ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದಳು. ನಾನು ದೂರ ಹೋಗಿ ಫೋನಿಗೆ ಬಾಯಿ ಹಚ್ಚಿ ಹೇಳಿದೆ: "ಶಾಂತಕ್ಕಾ, ಅಳಿಯಾ ಬಂದಿಲ್ರಿ. ಬರೂದಿಲ್ಲ. ಎರಡು ವರ್ಷ ಆತು, ಇಬ್ರೂ ಬ್ಯಾರೆ ಆಗ್ಯಾರ. ನಾ ಸುಳ್ಳು ಹೇಳಿದ್ದೆ." ಉತ್ತರ ಬರಲು ಐದು ನಿಮಿಷವೂ ಆಗಲಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದೆ.

"ಗೊತ್ತದ ಸುಮಿತ್ರಾ. ಮೊದಲನೇ ವರ್ಷನ ಎಲ್ಲಾರಿಗೂ ಗೊತ್ತಾಗೇದ. ನೀ ಮುಚ್ಚಿಡ್ತಿದ್ದಿ, ನಿನ್ನ ಮನಸ್ಸು ಯಾಕ ನೋಯಿಸೂದು ಅಂತ ಅಳಿಯಂದ್ರು ಹ್ಯಾಂಗದಾರ ಅಂತ ಕೇಳ್ಕೋತ ಬಂದ್ವಿ. ಅದಿರ್ಲಿ, ಪಲ್ಲವಿ ಯಾಕ ಯುಗಾದಿಗೆ ಬರಂಗಿಲ್ಲ? ಎರಡೂ ವರ್ಷ ಆ ಕೂಸಿಗಂತ ಹೋಳಿಗಿ ತಗದಿಟ್ಟು ಕಾದ್ವಿ. ನಮ್ಮ ಮ್ಯಾಲೆ ಸಿಟ್ಟೇನು ಅಕೀಗೆ?"

ನಾನು ಫೋನ್ ಹಿಡಿದದ್ದನ್ನು ಕಂಡು ಒದ್ದೆ ಕಾಲಿನಲ್ಲೇ ಬಂದ ಪಲ್ಲವಿ, ಶಾಂತಕ್ಕ ಏನಂದರು ಎಂದು ಕೇಳಿದಳು. ಮುಖದಲ್ಲಿ ಭಯವಿತ್ತು. ಅವರು ಏನೋ ಕೆಟ್ಟದ್ದನ್ನೇ ಅಂದಿರಬೇಕು ಎಂದುಕೊಂಡಿದ್ದಳು. ಯಾರೂ ಏನೂ ಅಂದಿರಲಿಲ್ಲ. ಹಾಲ್ ತುಂಬ ಜನ ಅವಳ ದಾರಿ ಕಾದಿದ್ದರು, ಬಾಗಿಲಿಗೆ ಅಡ್ಡ ನಿಂತವಳು ನಾನೊಬ್ಬಳೇ. ಅದನ್ನು ಅವಳಿಗೆ ಹೇಗೆ ಹೇಳಲಿ?

"ಸಿಗ್ನಲ್ ಇಲ್ಲವ್ವಾ, ಮೆಸೇಜ್ ಹೋಗೇ ಇಲ್ಲ" ಎಂದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಇಷ್ಟನ್ನೂ ಇಲ್ಲಿ ಬರೆದಿದ್ದೇನೆ.