ಪ್ರೊಸೆಸರಿಗೆ ಪಾಲಿಶ್ ಪೇಪರ್

ಕಂಪ್ಯೂಟರ್ ರಿಪೇರಿಯವನ ಹತ್ತಿರ ಜನ ಎರಡು ವಸ್ತು ತರುತ್ತಾರೆ. ಒಂದು ಕೆಟ್ಟ ಕಂಪ್ಯೂಟರ್, ಇನ್ನೊಂದು ಅದು ಯಾಕೆ ಕೆಟ್ಟಿತು ಎಂಬ ತಮ್ಮ ತೀರ್ಪು. ಮೊದಲನೆಯದನ್ನು ಸರಿಮಾಡಬಹುದು. ಚನ್ನಗಿರಿಯಲ್ಲಿ ನಾನು ಅಂಗಡಿ ಇಟ್ಟಾಗಿನಿಂದ ಇಂಥದ್ದೊಂದು ನಡೆಯದ ವಾರವಿಲ್ಲ. ನಡೆಯದಿದ್ದರೆ ಆ ವಾರ ಅಂಗಡಿಗೆ ಬಾಗಿಲು ಹಾಕಿತ್ತು ಎಂದರ್ಥ. ಹೋದ ಬೇಸಿಗೆಯಲ್ಲಿ ಒಬ್ಬರೇ ಗಿರಾಕಿಯಿಂದ ಆದದ್ದನ್ನಷ್ಟೇ ಇಲ್ಲಿ ಬರೆದಿದ್ದೇನೆ.

೧. ಉಂಗುರದ ಡಬ್ಬಿ

ನ್ಯಾಮತಿಯಲ್ಲಿ ಫೋಟೊ ಸ್ಟುಡಿಯೋ ಇಟ್ಟುಕೊಂಡಿರುವ ಯುವಕರೊಬ್ಬರು ಬಂದು ನನ್ನ ಮೇಜಿನ ಮೇಲೆ ಉಂಗುರದ ಡಬ್ಬಿ ಇಟ್ಟರು. ತೆರೆದರೆ ಒಳಗೆ ಹತ್ತಿ, ಹತ್ತಿಯ ಮೇಲೆ ಪ್ರೊಸೆಸರ್.

"ಕಂಪ್ಯೂಟರ್ ಎಲ್ಲಿ?" ಎಂದೆ.

"ಅದು ಊರಾಗೈತೆ ಸರ್. ರೋಗ ಇರಾದು ಇದರಾಗೆ. ಅದನ್ಯಾಕೆ ಹೊತ್ಕಂಡು ಬರ್ಲಿ?"

ರೋಗವೇನೆಂದರೆ ಬಿಸಿ. ಊರವರ ಮದುವೆ ವಿಡಿಯೋಗಳನ್ನೆಲ್ಲ ತುಂಡು ತುಂಡು ಮಾಡಿ ಹೇಗೋ ಮುಗಿಸಿ ಕೊಟ್ಟಿದ್ದರು. ಇವರ ಸ್ವಂತ ಮದುವೆಯನ್ನು ಮೂವರು ಸ್ನೇಹಿತರು ಮೂರು ಕ್ಯಾಮೆರಾದಲ್ಲಿ ಪ್ರೀತಿಯಿಂದ ತೆಗೆದಿದ್ದರು. ಆ ಪ್ರೀತಿಯ ಭಾರಕ್ಕೆ ಕಂಪ್ಯೂಟರ್ ಕಾದು, ವಿಡಿಯೋ ಅರ್ಧ ತಯಾರಾಗುವಷ್ಟರಲ್ಲಿ ಪಟ್ಟನೆ ಆರಿಹೋಗುತ್ತಿತ್ತು. ಯುಗಾದಿಗೆಂದು ಜಗಳೂರು ತಾಲೂಕಿನ ಬಿಳಿಚೋಡಿನ ತವರಿಗೆ ಹೋದ ಹೆಂಡತಿ ಎರಡು ತಿಂಗಳಾದರೂ ಬಂದಿರಲಿಲ್ಲ. "ಮಂದಿ ಮದುವೆ ಎಲ್ಲಾ ಮಾಡಿ ಕೊಟ್ರಿ. ನಮ್ಮದು ತಗಂಡು ಬರ್ರಿ, ಆಮೇಲೆ ನಾನು ಬರ್ತೀನಿ" ಎಂದು ಫೋನಿನಲ್ಲಿ ಹೇಳಿದ್ದರಂತೆ.

ಇವರು ಮೊಬೈಲಿನಲ್ಲಿ ಒಂದು ಉಪಾಯ ನೋಡಿದ್ದರು. ಪ್ರೊಸೆಸರಿನ ಮೇಲಿರುವ ಲೋಹದ ಮುಚ್ಚಳ ಕಣ್ಣಿಗೆ ಕಾಣದಷ್ಟು ಅಂಕುಡೊಂಕು ಇರುತ್ತದೆ. ಅದನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ ಸಪಾಟು ಮಾಡಿದರೆ ಮೇಲೆ ಕೂತು ಬಿಸಿ ಎಳೆಯುವ ಕೂಲರ್ ಸರಿಯಾಗಿ ಅಂಟುತ್ತದೆ, ಬಿಸಿ ಇಳಿಯುತ್ತದೆ.

ಸುಳ್ಳೇನಲ್ಲ. "ಇಳಿದರೆ ನಾಲ್ಕೈದು ಡಿಗ್ರಿ ಇಳೀತದೆ. ಕೈ ತಪ್ಪಿದರೆ ಪ್ರೊಸೆಸರೇ ಹೋಗ್ತದೆ" ಎಂದೆ.

"ಸರ್, ನೀವು ಪ್ರೊಸೆಸರ್ ಉಳಿಸಾಕೆ ನೋಡ್ತೀರಿ. ನಾನು ಸಂಸಾರ ಉಳಿಸಾಕೆ ಬಂದೀನಿ."

೨. ಎರಡು ಕೋಟು

ಪೇಪರ್ ತರಲು ಇಬ್ಬರೂ ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಇರುವುದರಲ್ಲೇ ನುಣುಪಾದದ್ದು ಬೇಕೆಂದು ಕೇಳಿದೆ.

"ಯಾತಕ್ಕೆ? ಬಾಗಿಲಿಗಾ, ಗೇಟಿಗಾ?" ಎಂದರು ಅಂಗಡಿಯವರು.

"ಕಂಪ್ಯೂಟರಿಗೆ."

ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಆ ಅಂಗಡಿಯಲ್ಲಿ ಮೂವತ್ತು ವರ್ಷ ಕೂತವರಿಗೆ ಆಶ್ಚರ್ಯ ಎಂಬುದು ಸ್ಟಾಕಿನಲ್ಲಿ ಇರುವುದಿಲ್ಲ. "ಒಳಗಾ, ಹೊರಗಾ?"

"ಒಳಗೆ."

"ಹಂಗಾರೆ ಬರೀ ಉಜ್ಜಿ ಬಿಡಬ್ಯಾಡ್ರಿ, ತುಕ್ಕು ಹಿಡಿತೈತೆ. ಪ್ರೈಮರ್ ಹೊಡೀರಿ, ಒಣಗಲಿ. ಆಮೇಲೆ ಎರಡು ಕೋಟು ಬಣ್ಣ ಕೊಡ್ರಿ. ಹತ್ತು ವರ್ಷ ಆ ಕಡೆ ತಿರುಗಿ ನೋಡಂಗಿಲ್ಲ."

ಸ್ಟುಡಿಯೋದವರು ನನ್ನ ಕಿವಿಯಲ್ಲಿ ಕೇಳಿದರು: "ಸರ್, ಯಾವ ಬಣ್ಣ ತಗಳಾಣ?"

೩. ಎಷ್ಟು ಹೆಚ್‌ಪಿ?

ಉಜ್ಜಲು ನಿಜಕ್ಕೂ ಸಪಾಟಾದ ಜಾಗ ಬೇಕು. ನನ್ನ ಮೇಜು ಅಷ್ಟು ಪ್ರಾಮಾಣಿಕವಲ್ಲ. ಹೊನ್ನಾಳಿಯಲ್ಲಿ ಪರಿಚಯದ ಲೇತ್ ಮೇಸ್ತ್ರಿ ಇದ್ದಾರೆ. ಟ್ರ್ಯಾಕ್ಟರ್ ಇಂಜಿನ್ನಿನ ಹೆಡ್ ಡೊಂಕಾದರೆ ಅದನ್ನು ಕೆತ್ತಿ ಸಪಾಟು ಮಾಡುವುದು ಅವರ ಕಸುಬು. ಆ ಕೆಲಸಕ್ಕೆ ಅಲ್ಲಿ ಫೇಸಿಂಗ್ ಎನ್ನುತ್ತಾರೆ. ಅವರಲ್ಲಿ ಕನ್ನಡಿಯಂಥ ಉಕ್ಕಿನ ಹಲಗೆಯೂ ಇದೆ.

ಮೇಸ್ತ್ರಿ ಸಂಸಾರದ ಕಥೆಯನ್ನೆಲ್ಲ ಕೇಳಿ ಉಂಗುರದ ಡಬ್ಬಿ ತೆರೆದರು. ಪ್ರೊಸೆಸರನ್ನು ಹಗುರಾಗಿ ಎತ್ತಿ, ಅದರ ಮೇಲೆ ಉಕ್ಕಿನ ಪಟ್ಟಿ ನಿಲ್ಲಿಸಿ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು.

"ನಡುವೆ ತಗ್ಗೈತೆ. ಗ್ಯಾಸ್ಕೆಟ್ ಹೋಗಿರಬೇಕಲ್ಲ?"

"ಇದಕ್ಕೆ ಗ್ಯಾಸ್ಕೆಟ್ ಇರಲ್ಲ ಮೇಸ್ತ್ರಿ."

"ಅದಕ್ಕೇ ಬಿಸಿ ಆಗ್ತೈತೆ."

ಮಷೀನಿಗೆ ಹಾಕುತ್ತೇನೆ, ಎರಡು ನಿಮಿಷದ ಕೆಲಸ ಎಂದರು. ಎರಡು ನಿಮಿಷದಲ್ಲಿ ಪ್ರೊಸೆಸರೂ ಇರುವುದಿಲ್ಲ ಎಂದು ಕೈಮುಗಿದು, ಕೈಯಲ್ಲೇ ಉಜ್ಜಲು ಒಪ್ಪಿಸಿದೆ. ಹಲಗೆಯ ಮೇಲೆ ಪೇಪರ್ ಹಾಸಿ, ಎರಡು ಹನಿ ನೀರು ಬಿಟ್ಟು, ಇಂಗ್ಲಿಷ್ ಎಂಟರ ಆಕಾರದಲ್ಲಿ ತಿರುಗಿಸುತ್ತಾ ಹೋದರು. ಮೊದಲು ಕಂಪನಿಯ ಹೆಸರು ಹೋಯಿತು, ಆಮೇಲೆ ನಂಬರು. ಕೊನೆಗೆ ಬೆಳ್ಳಿ ಬಣ್ಣವೇ ಹೋಗಿ ತಾಮ್ರ ಬಂತು. ಸ್ಟುಡಿಯೋದವರ ಮುಖದ ಬಣ್ಣವೂ ಜೊತೆಯಲ್ಲೇ ಹೋಯಿತು.

"ಅಣ್ಣಾ, ಬೆಳ್ಳಿ ಹೋತಲ್ಲಣ್ಣಾ!"

"ಒಳಗೆ ತಾಮ್ರಾನೇ ಇರಾದು. ಎಲ್ಲಾರದೂ ಹಿಂಗೇ, ಸುಮ್ನೆ ನಿಂತ್ಕೋ."

ಟ್ರ್ಯಾಕ್ಟರ್ ಹೆಡ್ ಹೊತ್ತು ತಂದಿದ್ದ ರೈತರೊಬ್ಬರು ಮುಕ್ಕಾಲು ಗಂಟೆ ಕಾದರು. ಅವರ ಹೆಡ್ಡು ಎರಡು ಕೈಗೂ ಭಾರ. ಇಲ್ಲಿ ಮೂವರು ದೊಡ್ಡವರು ಬಿಸ್ಕತ್ತಿಗಿಂತ ಸಣ್ಣದೊಂದನ್ನು ಸುತ್ತುವರಿದು ಉಸಿರು ಹಿಡಿದಿದ್ದೆವು. ಕೊನೆಗೆ ಅವರು ಬಗ್ಗಿ ನೋಡಿ ಕೇಳಿದರು: "ಎಷ್ಟು ಹೆಚ್‌ಪಿ ಇಂಜಿನ್ ಸ್ವಾಮಿ?"

ಮೇಸ್ತ್ರಿ ತಲೆಯೆತ್ತದೆ ಹೇಳಿದರು: "ಹೆಂಡ್ತೀನ ಜಗಳೂರು ತಾಲೂಕಿಂದ ಎಳ್ಕಂಡು ಬರಬೇಕು. ಎಷ್ಟಿದ್ದರೂ ಸಾಲದು."

೪. ಹೊಸ ಸಾಮಾನು

ಜೋಡಿಸುವ ಕೆಲಸ ನಾನೇ ಮಾಡುತ್ತೇನೆಂದು ಅವರ ಜೊತೆ ನ್ಯಾಮತಿಗೆ ಹೋದೆ. ಮನೆಯ ಮುಂಗೋಣೆಯೇ ಸ್ಟುಡಿಯೋ. ಸೋಫಾಕ್ಕೆ ಪ್ಲಾಸ್ಟಿಕ್ ಕವರ್, ಫ್ರಿಜ್ಜಿನ ಬಾಗಿಲಿಗೆ ಪ್ಲಾಸ್ಟಿಕ್, ಟಿವಿ ರಿಮೋಟಿಗೂ ಪ್ಲಾಸ್ಟಿಕ್. ಮದುವೆಗೆ ಬಂದ ಸಾಮಾನುಗಳಂತೆ, ಇನ್ನೂ ಹೊಸವು.

ಪ್ರೊಸೆಸರ್ ಕೂರಿಸಿ ಕೂಲರ್ ಕೈಗೆ ತೆಗೆದುಕೊಂಡೆ. ಅದನ್ನೂ ಮದುವೆಯ ಹೊತ್ತಿನಲ್ಲಿ ತಾವೇ ತಂದು ತಾವೇ ಹಾಕಿದ್ದರಂತೆ. ತಿರುಗಿಸಿ ನೋಡಿದರೆ ಪ್ರೊಸೆಸರಿಗೆ ಅಂಟುವ ತಳದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಜೋಡಿಸುವ ಮೊದಲು ಇದನ್ನು ಕೀಳಿರಿ ಎಂದು ಅದರ ಮೇಲೆ ಕೆಂಪಕ್ಷರದ ಇಂಗ್ಲಿಷಿನಲ್ಲಿ ಬರೆದಿತ್ತು.

"ಇದನ್ನ ಕಿತ್ತಿಲ್ಲವಲ್ರೀ?"

"ಹೊಸದಲ್ವಾ ಸರ್. ಕಿತ್ತರೆ ಗೀರು ಬೀಳ್ತಾವೆ."

"ಕೀಳಬೇಕು ಅಂತ ಬರೆದಿದಾರೆ."

"ಕಂಪನಿಯೋರು ಹೇಳ್ತಾರೆ. ಗೀರು ಬಿದ್ದರೆ ಅವರು ಬರ್ತಾರಾ?"

ಅವರು ನೀರು ತರಲು ಒಳಗೆ ಹೋದಾಗ ಕಿತ್ತುಬಿಟ್ಟೆ. ಅಷ್ಟೇ. ಆ ಸಂಜೆ ಕಂಪ್ಯೂಟರ್ ಬೆಚ್ಚಗೂ ಆಗದೆ ಇಡೀ ಮದುವೆ ಮುಗಿಸಿತು. ಸ್ಟುಡಿಯೋದವರು ಕಣ್ಣೊರೆಸಿಕೊಂಡು ಹೊನ್ನಾಳಿಗೆ ಫೋನ್ ಮಾಡಿದರು: "ಮೇಸ್ತ್ರಿ, ಉಜ್ಜಿದ್ದಕ್ಕೆ ತಣ್ಣಗಾತು!"

ಪ್ಲಾಸ್ಟಿಕ್ಕಿನ ವಿಷಯ ಹೇಳಿದೆ. "ಅದೂ ಒಂಚೂರು ಇರಬೋದು ಸರ್" ಎಂದು ದೊಡ್ಡ ಮನಸ್ಸಿನಿಂದ ಒಪ್ಪಿದರು.

ಮರುವಾರ ಮೇಸ್ತ್ರಿಯೇ ನನಗೆ ಫೋನ್ ಮಾಡಿದರು. "ಸಾಸ್ವೆಹಳ್ಳಿಯಿಂದ ಇಬ್ಬರು ಡಬ್ಬಿ ಹಿಡ್ಕಂಡು ಬಂದು ನಿಂತಾರೆ. ಬೋರ್ಡಿನಾಗೆ ಮೊದಲು ಟ್ರ್ಯಾಕ್ಟರ್ ಅಂತ ಬರೆಸಲೋ, ಕಂಪ್ಯೂಟರ್ ಅಂತ ಬರೆಸಲೋ?"

೫. ಬಿಳಿಚೋಡಿನಲ್ಲಿ ಬಿಡುಗಡೆ

ಮಾವನ ಮನೆಯ ಟಿವಿಗೆ ಪೆನ್‌ಡ್ರೈವ್ ಹಾಕಿಕೊಡಬೇಕೆಂದು ನನ್ನನ್ನೂ ಬಿಳಿಚೋಡಿಗೆ ಎಳೆದುಕೊಂಡು ಹೋದರು. ನಿಜವಾದ ಕಾರಣ ಧೈರ್ಯಕ್ಕೆ. ಹೆಂಡತಿ ನಡುಮನೆಯಲ್ಲಿ ಕೈಕಟ್ಟಿ ಕೂತಿದ್ದರು. ಓಣಿಯವರೆಲ್ಲ ಚಾಪೆ ಹಾಸಿಕೊಂಡಿದ್ದರು. ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ಬಂದವು. ವಿಡಿಯೋ ಶುರುವಾಯಿತು.

ಚಿತ್ರ ಬಹಳ ಸ್ಪಷ್ಟವಾಗಿತ್ತು. ಕಷ್ಟ ಇದ್ದದ್ದೇ ಅಲ್ಲಿ. ಧಾರೆ ಎರೆಯುವಾಗ ಮದುಮಗ ಕತ್ತೆತ್ತಿ ಲೈಟು ನೋಡುತ್ತಿದ್ದಾರೆ. ತಾಳಿ ಕಟ್ಟುವಾಗ ಕೈ ಹೆಂಡತಿಯ ಕೊರಳಲ್ಲಿದೆ, ಮುಖ ಕ್ಯಾಮೆರಾದವನ ಕಡೆಗಿದೆ, ಹುಬ್ಬು "ಎಡಕ್ಕೆ ಬಾ" ಎನ್ನುತ್ತಿದೆ. ಸಪ್ತಪದಿಯಲ್ಲಿ ನಾಲ್ಕು ಹೆಜ್ಜೆ ನಡೆದು, ಕೈ ಅಡ್ಡ ಹಿಡಿದು, ಪುರೋಹಿತರನ್ನೂ ಹೆಂಡತಿಯನ್ನೂ ವಾಪಸ್ ಕರೆದು, ಮೊದಲಿನಿಂದ ನಡೆಸಿದ್ದಾರೆ. ಎರಡೂವರೆ ಗಂಟೆಯಲ್ಲಿ ಒಮ್ಮೆಯೂ ಮದುಮಗಳ ಮುಖ ನೋಡಿಲ್ಲ.

"ನೋಡು, ಫೋಕಸ್ ಎಲ್ಲೂ ತಪ್ಪಿಲ್ಲ" ಎಂದರು ಇವರು ಹೆಮ್ಮೆಯಿಂದ.

ಹೆಂಡತಿಯ ಅಜ್ಜಿ ಬೋಂಡಾ ಕೆಳಗಿಟ್ಟು ಕೇಳಿದರು: "ಏನವ್ವಾ, ನಿನ್ನ ಗಂಡ ಆವತ್ತು ಮದುವೆಗೆ ಬಂದಿದ್ದನಾ, ಕೆಲಸಕ್ಕೆ ಬಂದಿದ್ದನಾ?"

ಓಣಿಯೇ ನಕ್ಕಿತು. ಹೆಂಡತಿ ಎದ್ದು ಒಳಗೆ ಹೋದರು. ಸ್ಟುಡಿಯೋದವರು ಬೆವರಿದರು. ಐದು ನಿಮಿಷದ ಮೇಲೆ ಆಕೆ ತಮ್ಮ ಬಟ್ಟೆಯ ಬ್ಯಾಗು ಹಿಡಿದು ಹೊರಗೆ ಬಂದು, ಗಂಡನ ಕೈಗೆ ಅದನ್ನು ಕೊಟ್ಟು, ನನ್ನ ಕಡೆ ತಿರುಗಿದರು.

"ಸರ್, ಕಂಪ್ಯೂಟರ್ ರಿಪೇರಿ ಮಾಡಿದೋರು ನೀವೇ ಏನ್ರಿ?"

ಧನ್ಯವಾದ ಸ್ವೀಕರಿಸಲು ಸರಿಯಾಗಿ ಕೂತು "ಹೌದು ತಾಯಿ" ಎಂದೆ.

"ಸುಮ್ನೆ ಬಿಟ್ಟಿದ್ದರೆ ಆಗ್ತಿತ್ತಲ್ರೀ. ಅದು ಬಿಸಿಯಾಗಿ ಬಂದ್ ಆಗ್ತಿರಲಿಲ್ಲ. ನಾಚಿಕೆಯಾಗಿ ಬಂದ್ ಆಗ್ತಿತ್ತು."